ಮನೆತನದಲ್ಲಿ ಯಾರಿಗೂ ಇಲ್ಲದ ಕುಸುಮರೋಗ ಮಗುವಿಗೆ ಹೇಗೆ ಬಂತು?

(ರೋಗಿಗಳಿಗೆ ಹಾಗೂ ಅವರ ಬಂಧುಗಳಿಗೆ ನೀಡಿದ ಆರೋಗ್ಯ ಉಪನ್ಯಾಸದ ಪಠ್ಯ)



ಮಗುವಿಗೆ ಕುಸುಮರೋಗ, ಅಂದರೆ ಹಿಮೋಫಿಲಿಯಾ ಇದೆ ಎಂದು ವೈದ್ಯರು ಹೇಳಿದ ಕೂಡಲೇ ಮನೆಯವರ ಬಾಯಿಂದ ಬರುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: "ನಮ್ಮ ಮನ್ಯಾಗ ಯಾರಿಗೂ ಇಲ್ರೀ ಸಿಸ್ಟರ್, ಈ ಹುಡುಗಗ ಎಲ್ಲಿಂದ ಬಂತು?" ಅತ್ತೆ ಮಾವ ಸೊಸೆಯ ತವರಿನ ಕಡೆ ಬೊಟ್ಟು ಮಾಡುತ್ತಾರೆ. ತವರಿನವರು ನಮ್ಮಲ್ಲೂ ಯಾರಿಗೂ ಇಲ್ಲ ಎನ್ನುತ್ತಾರೆ. ನಡುವೆ ತಾಯಿ ತಲೆ ತಗ್ಗಿಸಿ ಕೂರುತ್ತಾಳೆ. ಬಸುರಿದ್ದಾಗ ಗ್ರಹಣ ನೋಡಿದ್ದರಿಂದ ಬಂತೇ, ಏನೋ ತಿಂದದ್ದರಿಂದ ಬಂತೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾಳೆ.

ಇವತ್ತು ಆ ಒಂದು ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಉತ್ತರ ತಿಳಿದರೆ ಎರಡು ಲಾಭಗಳಿವೆ. ಮನೆಯೊಳಗಿನ ದೂರು ನಿಲ್ಲುತ್ತದೆ. ಮುಂದೆ ಹುಟ್ಟುವ ಮಗುವಿನ ವಿಷಯದಲ್ಲಿ ಮೊದಲೇ ಎಚ್ಚರ ವಹಿಸಬಹುದು.

ಕುಸುಮರೋಗ ಎಂದರೇನು?

ಗಾಯವಾದಾಗ ರಕ್ತ ಹೆಪ್ಪುಗಟ್ಟಿ ತಾನಾಗಿಯೇ ನಿಲ್ಲಬೇಕು. ಇದಕ್ಕಾಗಿ ರಕ್ತದಲ್ಲಿ ಫ್ಯಾಕ್ಟರ್ ಎಂಬ ಅಂಶಗಳಿವೆ. ಅವು ಸರಪಳಿಯ ಕೊಂಡಿಗಳ ಹಾಗೆ ಒಂದರ ನಂತರ ಒಂದು ಕೆಲಸ ಮಾಡುತ್ತವೆ. ಎಂಟನೆಯ ಫ್ಯಾಕ್ಟರ್ ಕೊರತೆಯಾದರೆ ಅದು ಎ ವಿಧದ ಕುಸುಮರೋಗ. ಒಂಬತ್ತನೆಯದು ಕೊರತೆಯಾದರೆ ಬಿ ವಿಧ. ಎ ವಿಧವೇ ಹೆಚ್ಚು. ಹುಟ್ಟುವ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಅದು ಇರುತ್ತದೆ. ಇಂದಿನ ಮಾತು ಎ ವಿಧದ ಬಗ್ಗೆ.

ಫ್ಯಾಕ್ಟರ್ ಮಟ್ಟ ಶೇಕಡಾ 1ಕ್ಕಿಂತ ಕಡಿಮೆ ಇದ್ದರೆ ರೋಗ ತೀವ್ರ, 1ರಿಂದ 5ರವರೆಗೆ ಮಧ್ಯಮ, 5ರಿಂದ 40ರವರೆಗೆ ಸೌಮ್ಯ. ಈ ಮಕ್ಕಳ ರಕ್ತ ಬೇರೆಯವರಿಗಿಂತ ಜೋರಾಗಿ ಹರಿಯುವುದಿಲ್ಲ, ಹೆಚ್ಚು ಹೊತ್ತು ಹರಿಯುತ್ತದೆ. ತೀವ್ರ ರೋಗವಿದ್ದರೆ ಪೆಟ್ಟು ಬೀಳದಿದ್ದರೂ ಮೊಣಕಾಲು, ಮೊಣಕೈ, ಹಿಮ್ಮಡಿಯ ಕೀಲುಗಳ ಒಳಗೆ ರಕ್ತ ತುಂಬಿ ಬಾವು ಬರುತ್ತದೆ.

ಜೀನ್ ಎಂಬ ಬರಹ

ನಮ್ಮ ದೇಹದ ಜೀವಕೋಶಗಳಲ್ಲಿ 46 ವರ್ಣತಂತುಗಳಿವೆ. ಅವು ಡಿಎನ್‌ಎ ಎಂಬ ಉದ್ದನೆಯ ದಾರದಿಂದ ಆದವು. ಆ ದಾರದ ಮೇಲೆ ದೇಹ ಏನೇನು ತಯಾರಿಸಬೇಕು ಎಂಬ ಬರಹವಿದೆ. ಒಂದು ವಸ್ತುವನ್ನು ತಯಾರಿಸಲು ಬೇಕಾದ ಬರಹದ ಭಾಗವೇ ಒಂದು ಜೀನ್.

ಎಂಟನೆಯ ಫ್ಯಾಕ್ಟರ್ ತಯಾರಿಸುವ ಜೀನ್ ಎಕ್ಸ್ ವರ್ಣತಂತುವಿನ ಒಂದು ತುದಿಯ ಹತ್ತಿರ ಇದೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ. ಹೆಣ್ಣಿನ ಒಂದು ಎಕ್ಸ್‌ನಲ್ಲಿ ಈ ಜೀನ್ ಕೆಟ್ಟಿದ್ದರೂ ಇನ್ನೊಂದು ಕೈಹಿಡಿಯುತ್ತದೆ. ಅಂಥವಳನ್ನು ವಾಹಕಿ ಎನ್ನುತ್ತೇವೆ. ಗಂಡಿಗೆ ಇರುವುದು ಒಂದೇ ಎಕ್ಸ್. ಅದು ಕೆಟ್ಟರೆ ರೋಗ ಬರುತ್ತದೆ.

ಈ ಜೀನ್ ಬಹಳ ಉದ್ದ. ಸುಮಾರು 1,86,000 ಅಕ್ಷರಗಳು. ಅದರಲ್ಲಿ ಕೆಲಸಕ್ಕೆ ಬರುವ ತುಣುಕುಗಳು 26. ತುಣುಕುಗಳ ನಡುವೆ ಖಾಲಿ ಅಂತರಗಳಿವೆ. 22ನೆಯ ತುಣುಕು ಮುಗಿದ ಮೇಲೆ ಬರುವ ಅಂತರವನ್ನು ನೆನಪಿಡಿ. ನಮ್ಮ ಪ್ರಶ್ನೆಯ ಉತ್ತರ ಅಲ್ಲಿದೆ.

ಒಂದು ರಿಬ್ಬನ್ ತೆಗೆದುಕೊಳ್ಳಿ

ತಂದೆಯಲ್ಲಿ ವೀರ್ಯಾಣು, ತಾಯಿಯಲ್ಲಿ ಅಂಡಾಣು ತಯಾರಾಗುವಾಗ ಜೋಡಿ ವರ್ಣತಂತುಗಳು ಪಕ್ಕಪಕ್ಕ ನಿಂತು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಇದಕ್ಕೆ ಮರುಜೋಡಣೆ ಎನ್ನುತ್ತಾರೆ. ಇದು ರೋಗವಲ್ಲ, ಎಲ್ಲರಲ್ಲೂ ನಡೆಯುವ ಸಹಜ ಕ್ರಿಯೆ. ಒಂದೇ ತಂದೆ ತಾಯಿಯ ಮಕ್ಕಳು ಒಬ್ಬರಂತೆ ಒಬ್ಬರು ಇರದಿರುವುದಕ್ಕೆ ಇದೂ ಒಂದು ಕಾರಣ. ಒಂದೇ ತರಹದ ಬರಹ ಎದುರುಬದುರು ಕೂತಾಗ ಅಲ್ಲಿ ಕತ್ತರಿಸಿ ಜೋಡಿಸುವುದು ಇದರ ಕ್ರಮ.

ಈಗ ಹುಡುಗಿಯರು ಜಡೆಗೆ ಕಟ್ಟುವ ಒಂದು ರಿಬ್ಬನ್ ತೆಗೆದುಕೊಳ್ಳಿ. ಅದು ಎಕ್ಸ್ ವರ್ಣತಂತು ಎಂದುಕೊಳ್ಳಿ. ತುದಿಯಿಂದ ಸ್ವಲ್ಪ ಒಳಗೆ, ನಮ್ಮ ಜೀನಿನ ನಡುವೆ, ಪೆನ್ನಿನಿಂದ ಒಂದು ಬಾಣದ ಗುರುತು ಹಾಕಿ. ಇದು 22ನೆಯ ತುಣುಕಿನ ಮುಂದಿನ ಅಂತರದಲ್ಲಿರುವ, ಸುಮಾರು 9,500 ಅಕ್ಷರಗಳ ಒಂದು ಬರಹ. ಇದೇ ಬರಹದ ನಕಲು ಜೀನಿನ ಹೊರಗೆ, ತುದಿಯ ಕಡೆಗೆ, ಇನ್ನೂ ಎರಡು ಕಡೆ ಇದೆ. ತುದಿಯ ಕಡೆ ಇನ್ನೊಂದು ಬಾಣ ಹಾಕಿ, ಆದರೆ ದಿಕ್ಕು ತಿರುಗಿಸಿ ಹಾಕಿ.

ರಿಬ್ಬನ್ನಿನ ತುದಿಯನ್ನು ಹಿಂದಕ್ಕೆ ಮಡಚಿ. ಎರಡು ಬಾಣಗಳೂ ಒಂದರ ಮೇಲೊಂದು, ಒಂದೇ ದಿಕ್ಕಿಗೆ ಬಂದು ಕೂರುತ್ತವೆ. ದೇಹದ ಮರುಜೋಡಣೆಯ ವ್ಯವಸ್ಥೆ ಇವೆರಡನ್ನೂ ಜೋಡಿ ಎಂದು ತಿಳಿದು ಅಲ್ಲಿ ಕತ್ತರಿಸಿ, ಅದಲುಬದಲು ಮಾಡಿ ಜೋಡಿಸಿಬಿಡುತ್ತದೆ. ಮಡಚಿದ್ದನ್ನು ಬಿಡಿಸಿದರೆ ಎರಡು ಬಾಣಗಳ ನಡುವಿನ ಭಾಗ ಹಿಂದುಮುಂದಾಗಿರುತ್ತದೆ. ಜೀನಿನ ಒಂದು ಅಕ್ಷರವೂ ಕಳೆದುಹೋಗಿಲ್ಲ. ಆದರೆ 1ರಿಂದ 22ರವರೆಗಿನ ತುಣುಕುಗಳು ಒಂದು ಕಡೆ, 23ರಿಂದ 26ರವರೆಗಿನವು ದೂರದಲ್ಲಿ ಇನ್ನೊಂದು ಕಡೆ, ಅದೂ ತಿರುಗಾಮುರುಗಾ ಉಳಿದುಬಿಡುತ್ತವೆ. ಪುಸ್ತಕದ ಹಾಳೆಗಳನ್ನು ತಲೆಕೆಳಗಾಗಿ ಹೊಲಿದ ಹಾಗೆ. ಓದಲು ಆಗುವುದಿಲ್ಲ, ಫ್ಯಾಕ್ಟರ್ ತಯಾರಾಗುವುದಿಲ್ಲ.

ಇದನ್ನು ವಿಜ್ಞಾನಿಗಳು 1993ರಲ್ಲಿ ಕಂಡುಹಿಡಿದರು. ತೀವ್ರ ಎ ವಿಧದ ಕುಸುಮರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರೋಗ ಬಂದಿರುವುದು ಈ ಒಂದೇ ತಿರುವುಮುರುವಿನಿಂದ. ಬೇರೆ ಬೇರೆ ದೇಶಗಳಲ್ಲಿ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಮನೆತನಗಳಲ್ಲಿ ಇದು ಮತ್ತೆ ಮತ್ತೆ ಹೊಸದಾಗಿ ಆಗುತ್ತದೆ. ಕಾರಣ, ಡಿಎನ್‌ಎಯ ಈ ಜಾಗವೇ ಅಸ್ಥಿರ. ಒಂದೇ ಬರಹದ ನಕಲುಗಳು ಹತ್ತಿರ ಹತ್ತಿರ ಇರುವುದರಿಂದ ಇಲ್ಲಿ ಮಡಿಕೆ ಬೀಳುವುದು ಸುಲಭ.

ಗಂಡಸಿನಲ್ಲೇ ಹೆಚ್ಚು ಏಕೆ?

ಹೆಣ್ಣಿನಲ್ಲಿ ಎರಡು ಎಕ್ಸ್‌ಗಳು ಉದ್ದಕ್ಕೂ ಜೋಡಿಯಾಗಿ ನಿಲ್ಲುತ್ತವೆ. ಎರಡು ರಿಬ್ಬನ್ನುಗಳನ್ನು ಒಟ್ಟಿಗೆ ಹಿಡಿದಾಗ ಒಂದರ ತುದಿ ಮಾತ್ರ ಮಡಚಿಕೊಳ್ಳುವುದು ಕಷ್ಟ. ಗಂಡಸಿನಲ್ಲಿ ಎಕ್ಸ್‌ನ ಜೊತೆಗಿರುವುದು ಗಿಡ್ಡನೆಯ ವೈ. ಅವೆರಡೂ ತುದಿಗಳಲ್ಲಿ ಮಾತ್ರ ಸೇರುತ್ತವೆ. ಎಕ್ಸ್‌ನ ಉಳಿದ ಭಾಗ ಒಂಟಿಯಾಗಿ ಇರುತ್ತದೆ, ತನ್ನ ಮೇಲೆ ತಾನೇ ಮಡಚಿಕೊಳ್ಳಲು ಅವಕಾಶ ಸಿಗುತ್ತದೆ. ಆದ್ದರಿಂದ ಈ ತಿರುವುಮುರುವು ಹೊಸದಾಗಿ ಆಗುವುದು ಬಹುಪಾಲು ಗಂಡಸಿನ ವೀರ್ಯಾಣು ತಯಾರಾಗುವಾಗ.

ಇಲ್ಲಿ ಸ್ವಲ್ಪ ಯೋಚಿಸಿ. ತಂದೆ ಮಗನಿಗೆ ಕೊಡುವುದು ವೈ. ಎಕ್ಸ್ ಹೋಗುವುದು ಮಗಳಿಗೆ. ಹಾಗಾದರೆ ರೋಗ ಬಂದ ಹುಡುಗನ ಎಕ್ಸ್ ಎಲ್ಲಿಂದ ಬಂತು? ತಾಯಿಯಿಂದ. ತಾಯಿಗೆ? ಹೊಸದಾಗಿ ಆದದ್ದಾದರೆ ಸಾಮಾನ್ಯವಾಗಿ ಅವಳ ತಂದೆಯಿಂದ, ಅಂದರೆ ಹುಡುಗನ ತಾಯಿಯ ತಂದೆಯಾದ ಅಜ್ಜನಿಂದ. ಆ ಅಜ್ಜನಿಗೆ ರೋಗವಿರಲಿಲ್ಲ. ಅವನ ಕೋಟ್ಯಂತರ ವೀರ್ಯಾಣುಗಳಲ್ಲಿ ಒಂದರಲ್ಲಿ, ಮಗಳು ಹುಟ್ಟುವ ಮೊದಲೇ, ಒಂದು ಮಡಿಕೆ ಬಿತ್ತು. ಅವನಿಗೆ ಅದು ಗೊತ್ತಾಗುವಂತೆಯೂ ಇಲ್ಲ, ತಡೆಯುವಂತೆಯೂ ಇಲ್ಲ. ಮಗಳು ಆರೋಗ್ಯವಾಗಿಯೇ ಬೆಳೆದಳು. ಮೊಮ್ಮಗನಲ್ಲಿ ಮೊದಲ ಸಲ ರೋಗ ಕಾಣಿಸಿತು.

ಈಗ ಹೇಳಿ, ಇದರಲ್ಲಿ ತಪ್ಪು ಯಾರದು? ಯಾರದೂ ಅಲ್ಲ. ಗ್ರಹಣ, ಊಟ, ದೃಷ್ಟಿ, ಬಸುರಿಯ ಕೆಲಸ ಯಾವುದೂ ಕಾರಣವಲ್ಲ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮಗ ಲಿಯೋಪೋಲ್ಡ್‌ನಿಗೂ ಕುಸುಮರೋಗವಿತ್ತು, ಅದು ಬಿ ವಿಧ. ರಾಣಿಯ ಹಿಂದಿನವರಲ್ಲಿ ಈ ರೋಗ ಇದ್ದದ್ದು ಕಾಣುವುದಿಲ್ಲ. ಡಿಎನ್‌ಎ ಬದಲಾವಣೆ ಅರಮನೆ ಗುಡಿಸಲು ನೋಡುವುದಿಲ್ಲ.

"ಹಿಂದೆ ಯಾರಿಗೂ ಇಲ್ಲ, ಮುಂದೆಯೂ ಬರುವುದಿಲ್ಲ" ಎನ್ನಬೇಡಿ

ಇದು ನಾನು ಹೇಳಬೇಕಾದ ಮುಖ್ಯ ಮಾತು. ಕುಸುಮರೋಗದ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರ ಮನೆತನದಲ್ಲಿ ಹಿಂದೆ ಯಾರಿಗೂ ರೋಗವಿರುವುದಿಲ್ಲ. ಅದನ್ನು ಕೇಳಿ ಕೆಲವರು, ಇದೊಂದು ಆಕಸ್ಮಿಕ, ಮುಂದಿನ ಮಗುವಿಗೆ ಏನೂ ಆಗುವುದಿಲ್ಲ ಎಂದು ನೆಮ್ಮದಿಯಾಗುತ್ತಾರೆ. ಆದರೆ ಈ ತಿರುವುಮುರುವು ಇರುವ ಮಕ್ಕಳ ತಾಯಂದಿರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 98 ಮಂದಿ ವಾಹಕಿಯರೇ ಎಂದು ಕಂಡುಬಂದಿದೆ. ವಾಹಕಿಯ ಪ್ರತಿಯೊಂದು ಗಂಡುಮಗುವಿಗೂ ರೋಗ ಬರುವ ಸಾಧ್ಯತೆ ಅರ್ಧಕ್ಕರ್ಧ. ಪ್ರತಿಯೊಂದು ಹೆಣ್ಣುಮಗು ವಾಹಕಿಯಾಗುವ ಸಾಧ್ಯತೆಯೂ ಅರ್ಧಕ್ಕರ್ಧ. ಮೊದಲ ಮಗುವಿಗೆ ಬಂದಿದೆ, ಎರಡನೆಯದಕ್ಕೆ ಬರುವುದಿಲ್ಲ ಎಂಬ ಲೆಕ್ಕ ಇಲ್ಲ. ಪ್ರತಿ ಸಲವೂ ಹೊಸದಾಗಿ ನಾಣ್ಯ ಚಿಮ್ಮಿದ ಹಾಗೆ.

ಆದ್ದರಿಂದ ಮೊದಲು ಮಗುವಿನ ಜೀನ್ ಪರೀಕ್ಷೆ ಆಗಲಿ. ಸ್ವಲ್ಪ ರಕ್ತ ಸಾಕು. ದೋಷ ಯಾವುದೆಂದು ತಿಳಿದ ಮೇಲೆ ತಾಯಿ, ತಾಯಿಯ ಅಕ್ಕತಂಗಿಯರು, ಮಗುವಿನ ಅಕ್ಕತಂಗಿಯರು ಯಾರಿಗೆ ಪರೀಕ್ಷೆ ಬೇಕೆಂದು ವೈದ್ಯರನ್ನು ಕೇಳಿ. ವಾಹಕಿಯಾದ ಹೆಣ್ಣುಮಕ್ಕಳು ಮದುವೆಯಾಗಬಹುದು, ಮಕ್ಕಳನ್ನು ಪಡೆಯಬಹುದು. ಮುಚ್ಚಿಡುವುದರಿಂದ ಮಾತ್ರ ಅಪಾಯ. ಕೆಲವು ವಾಹಕಿಯರ ಫ್ಯಾಕ್ಟರ್ ಮಟ್ಟವೂ ಕಡಿಮೆ ಇರುತ್ತದೆ. ಮುಟ್ಟಿನಲ್ಲಿ, ಹೆರಿಗೆಯ ನಂತರ, ಆಪರೇಷನ್ ಸಮಯದಲ್ಲಿ ಅವರಿಗೆ ಹೆಚ್ಚು ರಕ್ತ ಹೋಗಬಹುದು. ಅವರ ಮಟ್ಟವನ್ನೂ ಒಮ್ಮೆ ನೋಡಿಸಬೇಕು.

ವಾಹಕಿಯ ಹೆರಿಗೆ ದೊಡ್ಡ ಆಸ್ಪತ್ರೆಯಲ್ಲೇ ಆಗಲಿ. ಮಗುವಿನ ತಲೆಗೆ ವ್ಯಾಕ್ಯೂಮ್, ಇಕ್ಕಳ ಹಾಕದಂತೆ ಮೊದಲೇ ತಿಳಿಸಿ. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತದಿಂದಲೇ ಎಂಟನೆಯ ಫ್ಯಾಕ್ಟರ್ ಮಟ್ಟ ತಿಳಿಯಬಹುದು. ಗರ್ಭದಲ್ಲಿಯೇ ರೋಗ ತಿಳಿಯುವ ಪರೀಕ್ಷೆಗೆ 1994ರ ಕಾಯ್ದೆಯ ನಿಯಮದಂತೆ ನೋಂದಾಯಿತ ಕೇಂದ್ರಗಳಲ್ಲಿ ಮಾತ್ರ ಅವಕಾಶವಿದೆ. ಗಂಡೋ ಹೆಣ್ಣೋ ಎಂದು ತಿಳಿಯುವುದಕ್ಕಾಗಿ ಪರೀಕ್ಷೆ ಮಾಡಿಸುವುದು ಅಪರಾಧ.

ಸೋದರಮಾವನ ಮದುವೆಯಿಂದ ಬಂತೇ?

ಈ ಪ್ರಶ್ನೆಯನ್ನೂ ಬಹಳ ಜನ ಕೇಳುತ್ತಾರೆ. ರಕ್ತಸಂಬಂಧದ ಮದುವೆಯಿಂದ ಹೆಚ್ಚಾಗುವ ರೋಗಗಳು ಬೇರೆ ಇವೆ. ಕುಸುಮರೋಗ ಸಂಬಂಧದ ಹೊರಗೆ ಮದುವೆಯಾದವರ ಮಕ್ಕಳಿಗೂ ಅಷ್ಟೇ ಬರುತ್ತದೆ. ಆದರೆ ಒಂದು ಎಚ್ಚರಿಕೆ. ರೋಗವಿರುವ ಸೋದರಮಾವನಿಗೆ ವಾಹಕಿಯಾದ ಅಕ್ಕನ ಮಗಳನ್ನು ಕೊಟ್ಟರೆ, ಹುಟ್ಟುವ ಹೆಣ್ಣುಮಗುವಿಗೂ ರೋಗ ಬರುವ ಸಾಧ್ಯತೆ ಅರ್ಧಕ್ಕರ್ಧ. ಇಂಥ ಸಂಬಂಧ ಮಾತನಾಡುವ ಮೊದಲು ಪರೀಕ್ಷೆ ಮಾಡಿಸಿ.

ಮನೆಯಲ್ಲಿ ಏನು ಮಾಡಬೇಕು?

ಕೀಲಿನಲ್ಲಿ ಚುಮುಚುಮು ಎಂದರೆ, ಬಿಸಿಯಾದರೆ, ಮಗು ಕಾಲೂರಲು ಹಿಂಜರಿದರೆ ರಕ್ತ ಸೋರುತ್ತಿದೆ ಎಂದೇ ತಿಳಿಯಿರಿ. ಬಾವು ಬರಲಿ ಎಂದು ಕಾಯಬೇಡಿ. ಮಗುವನ್ನು ಮಲಗಿಸಿ, ಕೈಕಾಲು ಎತ್ತರದಲ್ಲಿಡಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ, ಆಸ್ಪತ್ರೆಗೆ ಕರೆತನ್ನಿ.

ಬಾವಿಗೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ಬಿಸಿ ಶಾಖ ಕೊಡಬೇಡಿ. ರಕ್ತ ಇನ್ನೂ ಹೆಚ್ಚು ಸೋರುತ್ತದೆ.

ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ. ಪ್ಯಾರಾಸಿಟಮಾಲ್ ಕೊಡಬಹುದು. ಊರಿನ ಡಾಕ್ಟರರ ಬಳಿ ಹೋದಾಗ ಸೊಂಟಕ್ಕೆ ಸೂಜಿ ಚುಚ್ಚುವ ಮೊದಲೇ ರೋಗದ ಹೆಸರು ಹೇಳಿ.

ಲಸಿಕೆ ತಪ್ಪಿಸಬೇಡಿ. ಸಣ್ಣ ಸೂಜಿ ಬಳಸಿ, ನಂತರ ಆ ಜಾಗವನ್ನು ತಿಕ್ಕದೆ ಐದರಿಂದ ಹತ್ತು ನಿಮಿಷ ಒತ್ತಿ ಹಿಡಿಯಲು ಹೇಳಿ. ಕಿವಿ ಚುಚ್ಚಿಸುವ, ಹಲ್ಲು ಕೀಳಿಸುವ ಮುಂಚೆ ವೈದ್ಯರನ್ನು ಕೇಳಿ.

ತಲೆಗೆ ಪೆಟ್ಟು ಬಿದ್ದರೆ ಒಂದು ಕ್ಷಣವೂ ತಡಮಾಡಬೇಡಿ. ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್.

ಚಿಕಿತ್ಸೆ ಇದೆಯೇ?

ಇದೆ. ಇಲ್ಲದಿರುವ ಫ್ಯಾಕ್ಟರನ್ನೇ ರಕ್ತನಾಳದ ಮೂಲಕ ಕೊಡುತ್ತಾರೆ. ಒಂದು ಕಿಲೋ ತೂಕಕ್ಕೆ ಒಂದು ಯೂನಿಟ್ ಕೊಟ್ಟರೆ ಮಟ್ಟ ಸುಮಾರು ಶೇಕಡಾ 2 ಏರುತ್ತದೆ. ಅದಕ್ಕೇ ಪ್ರತಿ ಸಲ ಮಗುವಿನ ತೂಕ ನೋಡುತ್ತೇವೆ. ಸುಮಾರು 12 ಗಂಟೆಯಲ್ಲಿ ಅದು ಅರ್ಧಕ್ಕೆ ಇಳಿಯುವುದರಿಂದ ಮತ್ತೆ ಕೊಡಬೇಕಾಗಬಹುದು. ತೀವ್ರ ರೋಗವಿರುವ ಹತ್ತು ಮಕ್ಕಳಲ್ಲಿ ಸುಮಾರು ಮೂವರ ದೇಹ ಹೊರಗಿನ ಫ್ಯಾಕ್ಟರನ್ನು ಶತ್ರು ಎಂದು ತಿಳಿದು ಪ್ರತಿಕಾಯ ಬೆಳೆಸುತ್ತದೆ. ಮೊದಲು ಕೆಲಸ ಮಾಡುತ್ತಿದ್ದ ಡೋಸ್ ಈಗ ಸಾಲುತ್ತಿಲ್ಲ ಎನಿಸಿದರೆ ಕೂಡಲೇ ಹೇಳಿ. ಎಂಟನೆಯ ಫ್ಯಾಕ್ಟರ್‌ನ ಕೆಲಸವನ್ನು ತಾನು ಮಾಡುವ ಎಮಿಸಿಜುಮ್ಯಾಬ್ ಎಂಬ, ಚರ್ಮದ ಕೆಳಗೆ ಕೊಡುವ ಚುಚ್ಚುಮದ್ದೂ ಇದೆ. ಅಂಥ ಮಕ್ಕಳಿಗೂ ಅದು ಉಪಯುಕ್ತ.

ಒಳ್ಳೆಯ ಜೀನನ್ನೇ ದೇಹಕ್ಕೆ ಸೇರಿಸುವ ಪ್ರಯತ್ನವೂ ನಡೆದಿದೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ತೀವ್ರ ಎ ವಿಧದ ಐವರು ರೋಗಿಗಳಿಗೆ ಹೀಗೆ ಚಿಕಿತ್ಸೆ ನೀಡಿದ ವರದಿ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಇದಿನ್ನೂ ಎಲ್ಲರ ಕೈಗೆ ಸಿಗುವ ಚಿಕಿತ್ಸೆಯಾಗಿಲ್ಲ, ಆದರೆ ದಾರಿ ತೆರೆದಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ ಸೇರಿದೆ. ಪ್ರಮಾಣಪತ್ರಕ್ಕೂ, ಉಚಿತ ಫ್ಯಾಕ್ಟರ್ ಸಿಗುವ ಬಗೆಗೂ ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ಬಂಧುಗಳೇ, ಇಷ್ಟು ಹೊತ್ತು ಕೇಳಿದ್ದೀರಿ. ಮನೆಗೆ ಹೋದ ಮೇಲೆ ಎರಡು ಕೆಲಸ ಮಾಡಿ. ಆ ತಾಯಿಗೆ, ಇದು ನಿನ್ನ ತಪ್ಪಲ್ಲ ಎಂದು ಮನೆಯ ಹಿರಿಯರೇ ಬಾಯಿಬಿಟ್ಟು ಹೇಳಿ. ಅವಳ ಅಕ್ಕತಂಗಿಯರಿಗೂ, ಬೆಳೆದ ಹೆಣ್ಣುಮಕ್ಕಳಿಗೂ ವಿಷಯ ತಿಳಿಸಿ, ಪರೀಕ್ಷೆಗೆ ಕರೆತನ್ನಿ. ನಾಚಿಕೆಯಿಂದ ಮುಚ್ಚಿಟ್ಟರೆ ಹೆರಿಗೆ ಕೋಣೆಯಲ್ಲಿ ಇನ್ನೊಂದು ಮಗುವಿಗೆ ಅಪಾಯ. ಮೊದಲೇ ಹೇಳಿದರೆ ಆ ಮಗು ನಮ್ಮೆಲ್ಲರ ಎಚ್ಚರದ ಕೈಯಲ್ಲಿ ಹುಟ್ಟುತ್ತದೆ. ಸಂದೇಹವಿದ್ದರೆ ವಾರ್ಡಿನ ಸಿಸ್ಟರ್ ಹತ್ತಿರ ಸಂಕೋಚವಿಲ್ಲದೆ ಕೇಳಿ.