ಹಳ್ಳಿಯ ಬಾಲ್ಯವೂ ನಗೆಯ ಕೊಳುಕೊಡೆಯೂ

(ಮಹೋತ್ಸವದ ಅಂಗವಾಗಿ ಜರುಗಿದ ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಮಾಡಿದ ಭಾಷಣ)

 

ಈ ಮಹೋತ್ಸವದಲ್ಲಿ ವಿದ್ವಾಂಸರು ಗಹನವಾದ ವಿಷಯಗಳನ್ನು ಕುರಿತು ಮಾತನಾಡಿದ್ದಾರೆ. ನನ್ನ ಪಾಲಿಗೆ ಬಂದುದು ಹಗುರಾದ ವಿಷಯ. ನಾವು ಹಳ್ಳಿಯ ಹುಡುಗರಾಗಿದ್ದಾಗ ಹೇಳಿ ಕೇಳಿದ ನಗೆಮಾತುಗಳನ್ನೂ ಆ ಕಾಲದ ನೆನಪುಗಳನ್ನೂ ಮೆಲುಕು ಹಾಕಬೇಕೆಂದು ಹಿರಿಯರು ಅಪ್ಪಣೆ ಮಾಡಿದ್ದಾರೆ. ಹಗುರಾದುದೆಲ್ಲ ಅಲ್ಪವಾದುದಲ್ಲ. ರಾಶಿ ತೂರುವಾಗ ಹೊಟ್ಟು ಹಗುರೆಂದು ಹಾರಿಹೋಗುವದು ನಿಜ. ಆದರೆ ಎತ್ತುಗಳು ವರ್ಷವಿಡೀ ಬದುಕುವದು ಆ ಹೊಟ್ಟು ಮೇವುಗಳಿಂದಲೇ ಅಲ್ಲವೇ?

ಬಯಲುಸೀಮೆಯ ನಮ್ಮ ಹಳ್ಳಿಗಳಲ್ಲಿ ನಗೆಗೆ ಕಾಲವೂ ಇತ್ತು, ಸ್ಥಳವೂ ಇತ್ತು. ಸುಗ್ಗಿಯ ಕಾಲದಲ್ಲಿ ಕಣವೇ ಅದರ ಮನೆ. ನಡುವೆ ಮೇಟಿ, ಮೇಟಿಗೆ ಕಟ್ಟಿದ ಎತ್ತುಗಳ ಸಾಲು. ಅವು ಸುತ್ತುತ್ತ ತೆನೆಗಳನ್ನು ತುಳಿಯುತ್ತಿದ್ದರೆ ಹಿಂದೆ ನಡೆಯುವವರು ಹಂತಿಯ ಹಾಡು ಹಾಡುತ್ತಿದ್ದರು. ಇರುಳು ನಿದ್ದೆ ಬಾರದಿರಲೆಂದು ಹಾಡು. ಹಾಡು ಮುಗಿದರೆ ನಗೆಮಾತು. ರಾಶಿಯಾದೊಡನೆ ಬಡಿಗ, ಕಮ್ಮಾರ, ಕುಂಬಾರ ಮೊದಲಾದ ಆಯಗಾರರು ತಮ್ಮ ಪಾಲಿಗೆ ಬರುವರು. ಒಮ್ಮೆ ಒಬ್ಬರು ಬಂದು, "ಯಜ್ಜಾ, ಈ ವರ್ಷ ರಾಶಿ ಹ್ಯಾಂಗ?" ಎಂದು ಕೇಳಿದರಂತೆ. ಮುದುಕನು ತಲೆಯೆತ್ತದೆಯೇ, "ನೀ ಬೇಡಾಕ ಬಂದೀಯೋ, ಹೊಗಳಾಕ ಬಂದೀಯೋ, ಮೊದಲ ಅದನ್ನ ಹೇಳು, ಆಮ್ಯಾಲೆ ರಾಶಿ ಎಷ್ಟಂತ ಹೇಳ್ತೀನಿ" ಎಂದನಂತೆ. ನಕ್ಕು ಮುಗಿದ ಮೇಲೆ ಮೊರ ತುಂಬ ಜೋಳ ಹಾಕಿಯೇ ಕಳಿಸುತ್ತಿದ್ದನೆಂಬದನ್ನೂ ಹೇಳಬೇಕು. ಕೊಡುವ ಕೈ ಇದ್ದುದರಿಂದಲೇ ಆ ಮಾತು ನಗೆಯಾಯಿತು.

ಮಕ್ಕಳ ನಗೆ ಹಬ್ಬಗಳೊಡನೆ ಬರುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಮಣ್ಣು ತಂದು ಎತ್ತುಗಳನ್ನು ಮಾಡಿ ಪೂಜಿಸುವದು. ಮರುದಿನ ಒಂದರ ಕಾಲು ಮುರಿದು ಕುಂಟೆತ್ತೆಂದು ಹೊತ್ತುಕೊಂಡು ಮನೆಮನೆಗೆ ತಿರುಗಿ ಜೋಳ ಬೇಡುವದು. "ನಿಮ್ಮ ಎತ್ತಿಗೆ ಕಾಲಿಲ್ಲ, ಬಾಯಿ ಮಾತ್ರ ಐದು ಅದಾವಲ್ಲೋ!" ಎಂದು ತಾಯಂದಿರು ನಮ್ಮ ಐವರನ್ನು ನೋಡಿ ಹೇಳುತ್ತ ಸೆರಗಿನ ಮರೆಯಿಂದ ಕಾಳು ಸುರಿಯುತ್ತಿದ್ದರು. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರ ಗುಳ್ಳವ್ವ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ, ಸಜ್ಜೆಯ ರೊಟ್ಟಿ, ಎಣ್ಣೆಗಾಯಿ. ಅನಂತರ ಕುಳ್ಳಿನ ಬೆಂಕಿಯಲ್ಲಿ ಸುಟ್ಟ ಎಳೆಯ ಜೋಳದ ಸೀತನಿ. ಅಂಗೈ ಕರಿಯಾಗಿ, ಮೂತಿ ಬೂದಿಯಾಗಿ ಮನೆಗೆ ಬಂದವರನ್ನು ಕಂಡು ನಗದವರಾರು?

ಹೆಂಗಳೆಯರ ನಗೆಯಲ್ಲಿ ಇನ್ನೂ ಜಾಣತನವಿತ್ತು. ಗಂಡನ ಹೆಸರು ಹೇಳಬಾರದೆಂಬ ರೂಢಿಯನ್ನು ಮುರಿಯದೆಯೇ ಮೀರುವದಕ್ಕೆ ಅವರು ಒಡಪುಗಳನ್ನು ಕಟ್ಟಿಕೊಂಡಿದ್ದರು. ಮದುವೆಯಲ್ಲಿ, ಸೀಮಂತದಲ್ಲಿ ಬಾಗಿಲು ತಡೆದು ನಿಂತು "ಹೆಸರು ಹೇಳು" ಎಂದರೆ, ಆ ಹೆಸರನ್ನು ಪ್ರಾಸದ ನಡುವೆ ಹುದುಗಿಸಿ ಹೇಳಿ ಒಳಗೆ ನುಗ್ಗುತ್ತಿದ್ದರು. ಬೀಗರನ್ನು ಹಂಗಿಸುವ ಹಾಡಿಗೆ ಬೀಗರ ಕಡೆಯವರಿಂದ ಉತ್ತರವೂ ಅಷ್ಟೇ ಖಾರವಾಗಿ ಬರುತ್ತಿತ್ತು. ಒಗಟು ಬಿಡಿಸಲಾರದ ಹುಡುಗನು ಸೋತುದಕ್ಕಾಗಿ ಬಾಯಿಮಾತಿನಲ್ಲಿ ಒಂದು ಊರನ್ನೇ ದಾನ ಕೊಡಬೇಕಾಗಿತ್ತು. ತನ್ನದಲ್ಲದ ಊರನ್ನು ಕೊಟ್ಟು, ಮರುದಿನ ಇನ್ನೊಂದು ಒಗಟು ತಂದು ಅದನ್ನು ಮರಳಿ ಗೆಲ್ಲುತ್ತಿದ್ದನು. ಇವೆಲ್ಲವುಗಳ ಮರ್ಮ ಒಂದೇ. ನಗೆಯೆಂಬದು ಕೊಳುಕೊಡೆ. ಇಂದು ಅಂದವನು ನಾಳೆ ಅನ್ನಿಸಿಕೊಳ್ಳಬೇಕು.

ಈ ಕೊಳುಕೊಡೆಯ ದೊಡ್ಡ ಸಂತೆಯನ್ನು ನಾವು ಕಂಡುದು ಪ್ರಸಾದನಿಲಯದಲ್ಲಿ. 1956ರಲ್ಲಿ ಕನ್ನಡ ನಾಡು ಒಂದಾಗಿ ಕೆಲವೇ ವರ್ಷಗಳು ಸಂದಿದ್ದವು. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ, ವಿಜಾಪುರಗಳ ಕಡೆಯವರು, ನಿಜಾಮರ ಆಳಿಕೆಯಲ್ಲಿದ್ದ ರಾಯಚೂರು, ಕಲಬುರ್ಗಿಗಳ ಕಡೆಯವರು, ಹಳೆಯ ಮೈಸೂರಿನ ತುಮಕೂರಿನವರು ಒಂದೇ ಕೋಣೆಯಲ್ಲಿ ಚಾಪೆ ಹಾಸಿದೆವು. ತುಮಕೂರಿನ ಗೆಳೆಯನು ಬೆಳಗ್ಗೆ ವಿಶ್ವಾಸದಿಂದ "ತಿಂಡಿ ಆಯಿತೇ?" ಎಂದು ಕೇಳಿದರೆ, ತಿಂಡಿಯೆಂದರೆ ಮೈಯ ತುರಿಕೆಯೆಂದು ಬಲ್ಲ ನಮ್ಮ ಕಡೆಯವನು ತೋಳು ಮೇಲೇರಿಸಿ ಜಗಳಕ್ಕೆ ನಿಂತನು. ಊಟ ಬಡಿಸಿದ ಮೈಸೂರಿನವನು "ಹೇಗಿದೆ?" ಎಂದರೆ ನಮ್ಮವನು "ಅಡ್ಡಿಯಿಲ್ಲ" ಎನ್ನುವನು. ನಮ್ಮಲ್ಲಿ ಅದು ಹೊಗಳಿಕೆ; ಬಡಿಸಿದವನಿಗೆ ಮಾತ್ರ ಮುಖ ಸಣ್ಣದಾಯಿತು. ರಾಜ್ಯಗಳು ಆಜ್ಞೆಯಿಂದ ಒಂದಾದವು. ಮನಸ್ಸುಗಳು ಒಂದಾದುದು ಇಂತಹ ತಪ್ಪು ತಿಳಿವಳಿಕೆಗಳನ್ನು ಬಿಡಿಸಿಕೊಂಡು ನಕ್ಕುದರಿಂದ.

ರಾತ್ರಿ ದೀಪವಾರಿದ ಮೇಲೆ ಒಬ್ಬನು ಕಥೆ ಹೇಳುವನು. ಹಟ್ಟಿಯಲ್ಲಿ ಹತ್ತು ಕುರಿಗಳಿದ್ದವು, ಒಂದು ಬೇಲಿ ಹಾರಿತು, ಉಳಿದವೆಷ್ಟು ಎಂದು ಮಾಸ್ತರರು ಕೇಳಿದರು. ಕುರುಬರ ಹುಡುಗನು "ಒಂದೂ ಉಳಿಯಂಗಿಲ್ರಿ" ಎಂದನು. ನಿನಗೆ ಲೆಕ್ಕ ಬಾರದೆಂದು ಗದರಿಸಿದರೆ, "ಮಾಸ್ತರ್ರ, ನಿಮಗ ಲೆಕ್ಕ ಗೊತ್ತೈತ್ರಿ, ಕುರಿ ಗೊತ್ತಿಲ್ರಿ" ಎಂದನು. ಕಥೆ ಮುಗಿದೊಡನೆ ಮೂರು ಮೂಲೆಗಳಿಂದ ಮೂವರು ಎದ್ದು ಕುಳಿತು, ಇದು ನಮ್ಮೂರ ಶಾಲೆಯಲ್ಲಿಯೇ ನಡೆದುದೆಂದು ಆಣೆ ಮಾಡಿದರು! ಒಳ್ಳೆಯ ನಗೆಮಾತಿಗೆ ಊರಿಲ್ಲ. ಎಲ್ಲ ಊರುಗಳೂ ಅದರವೇ.

ಇಷ್ಟು ಹೇಳಿ ಕುಳಿತರೆ ಎಲ್ಲರಿಗೂ ಸಂತೋಷವಾದೀತು. ಆದರೆ ನೆನಪು ಸತ್ಯವಾಗಿರಬೇಕಾದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಹಳ್ಳಿಯ ಬಾಲ್ಯವು ಎಲ್ಲರಿಗೂ ಒಂದೇ ಬಾಲ್ಯವಾಗಿರಲಿಲ್ಲ. ಸೀತನಿಯ ಬೆಂಕಿಯ ಸುತ್ತ ಕುಳಿತವರನ್ನು ಎಣಿಸುವಾಗ, ದೂರದಲ್ಲಿ ನಿಂತು ನೋಡಿದ ಕೇರಿಯ ಮಕ್ಕಳನ್ನು ನಾವು ಎಣಿಕೆಗೆ ತರುವದಿಲ್ಲ. ಗುಳ್ಳವ್ವನಾಡಿದ ಹುಡುಗಿಯರಲ್ಲಿ ಎಷ್ಟು ಜನ ನಾಲ್ಕನೆಯ ಇಯತ್ತೆಯ ಆಚೆ ಪಾಟಿ ಹಿಡಿದರು? ನಗೆಮಾತುಗಳಲ್ಲಿಯೂ ಅರ್ಧಕ್ಕರ್ಧ ಕುಂಟ, ಕುರುಡ, ಮೂಗ, ಬಡವ, ಕೀಳೆನಿಸಿದ ಜಾತಿ ಎಂಬಿವುಗಳ ಮೇಲೆಯೇ ಇದ್ದವು. ಕುಂಟತನವನ್ನು ಮಣ್ಣಿನ ಎತ್ತಿಗೆ ಕೊಟ್ಟು, ಅದರ ಹೆಸರಿನಲ್ಲಿ ಕಾಳು ಬೇಡಿ, ಹಂಚಿಕೊಂಡು ಉಣ್ಣುವಷ್ಟು ಜಾಣವಾದ ಊರು, ನಿಜವಾಗಿ ಕಾಲಿಲ್ಲದ ಹುಡುಗನನ್ನು ಹೆಸರಿನಿಂದ ಕರೆಯುವಷ್ಟು ದಯೆಯನ್ನು ತೋರಲಿಲ್ಲ.

ಅಂತಹ ಹುಡುಗನೊಬ್ಬನು ನಮ್ಮ ಕಡೆಯಿಂದ ಪ್ರಸಾದನಿಲಯಕ್ಕೆ ಸೇರಿದನು. ಮೊದಲ ಸಂಜೆ ಹಾಜರಿ ಕೂಗುವಾಗ ಅವನ ಹೆಸರು ಬಂದಿತು. ಅವನು ಉತ್ತರ ಕೊಡಲಿಲ್ಲ. ಎರಡನೆಯ ಸಲ ಕೂಗಿದಾಗ, ಆ ಹೆಸರಿನವರು ಬೇರೆ ಯಾರಿರಬಹುದೆಂದು ಅವನೇ ಹಿಂದಿರುಗಿ ನೋಡಿದನು. ಅಂದು ಯಾರೂ ನಗಲಿಲ್ಲ. ಕೆಲವು ತಿಂಗಳಲ್ಲಿ ಅವನೇ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ನಗಿಸುವವನಾದನು. ಏಕೆಂದರೆ ಇಲ್ಲಿ ಅವನು ಎದುರುಮಾತು ಹೇಳಬಲ್ಲವನಾಗಿದ್ದನು. ಬಂಧುಗಳೇ, ನಗೆಯ ತಕ್ಕಡಿಯೆಂದರೆ ಇದೇ. ಮರಳಿ ಹೇಳಬಲ್ಲವನ ಮೇಲೆ ಆಡಿದ ಮಾತು ಹಾಸ್ಯ. ಮರಳಿ ಹೇಳಲಾರದವನ ಮೇಲೆ ಆಡಿದ ಮಾತು ಸುಲಿಗೆ. ಒಂದೇ ಪಂಕ್ತಿಯಲ್ಲಿ ಉಂಡವರಿಗೆ ಮಾತ್ರ ಒಬ್ಬರನ್ನೊಬ್ಬರು ನಗುವ ಅಧಿಕಾರವುಂಟು.

ಇಂದು ಯಂತ್ರಗಳು ಬಂದು ಹಂತಿ ನಿಂತಿದೆ. ಅನೇಕ ಊರುಗಳಲ್ಲಿ ಕಣವೆಂಬ ಸ್ಥಳವೇ ಉಳಿದಿಲ್ಲ. ಎತ್ತುಗಳ ಹಿಂದೆ ಇರುಳೆಲ್ಲ ತಿರುಗುವ ದುಡಿಮೆ ತಪ್ಪಿದುದಕ್ಕೆ ನಾನು ಅಳುವವನಲ್ಲ. ಆದರೆ ಆ ಮಾತುಗಳು ಬಲ್ಲವರೊಡನೆಯೇ ಮಣ್ಣಾಗಬಾರದು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಹಾಡುಗಳನ್ನು ತಾಯಂದಿರ ಬಾಯಿಂದ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕವನ್ನು ಹೊರತಂದರು. ಅದಕ್ಕಿಂತ ಒಂದು ವರ್ಷ ಮೊದಲು, 1930ರಲ್ಲಿ, ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ 'ಹಳ್ಳಿಯ ಚಿತ್ರಗಳು' ಬೆಳಕು ಕಂಡಿತು. ಅವರು ಮಾಡಿದ ಕೆಲಸವನ್ನು ನಮ್ಮ ಮನೆಯ ಮಟ್ಟಿಗಾದರೂ ನಾವು ಮಾಡಬಾರದೇಕೆ?

ಆದುದರಿಂದ ನನ್ನ ವಿಜ್ಞಾಪನೆ ಇಷ್ಟೇ. ಈ ಕೂಟದಿಂದ ಮನೆಗೆ ಮರಳಿದ ಮೇಲೆ ಪ್ರತಿಯೊಬ್ಬರೂ ಹಿರಿಯರೊಬ್ಬರ ಬಳಿ ಕುಳಿತು ಅವರ ಒಡಪು, ಒಗಟು, ನಗೆಮಾತುಗಳನ್ನು ಬರೆದುಕೊಳ್ಳಿರಿ. ಅವರು ನಕ್ಕುದನ್ನೂ ಬರೆಯಿರಿ, ನಗಲಾರದೆ ನುಂಗಿಕೊಂಡುದನ್ನೂ ಬರೆಯಿರಿ. ಕಾಳು ಜೊಳ್ಳುಗಳನ್ನು ತೂರಿ ಬೇರ್ಪಡಿಸುವ ಕೆಲಸವನ್ನು ಮುಂದಿನವರು ಮಾಡಿಕೊಂಡಾರು. ಆದರೆ ರಾಶಿಯೇ ಇಲ್ಲದಿದ್ದರೆ ಅವರು ತೂರುವದೇನನ್ನು?