ಮೂಗೇ ಇಲ್ಲದ ಕಡೆ ಮೂಗಿನ ಪ್ರೋಟೀನು

ಮನುಷ್ಯನ ಜೀನೋಮ್ ಅಂದರೆ ಸುಮಾರು ಮುನ್ನೂರು ಕೋಟಿ ಡಿಎನ್ಎ ಅಕ್ಷರ. ಅದರಲ್ಲಿ ಜೀವಕೋಶ ನಿಜವಾಗಿ ಪ್ರೋಟೀನು ಮಾಡಿಕೊಳ್ಳುವುದು ಎಲ್ಲೆಲ್ಲಿಂದ? ಸಾಕ್ಷಿ ಹೇಳಬೇಕಾದ್ದು ಪ್ರೋಟೀನೇ ತಾನೆ! ಟ್ರಿಪ್ಸಿನ್ ಎಂಬ ಕಿಣ್ವ ಅದನ್ನು ಲೈಸಿನ್, ಆರ್ಜಿನಿನ್ ಎಂಬ ಅಮೈನೋ ಆಮ್ಲ ಬಂದಲ್ಲಿ ಕತ್ತರಿಸುತ್ತದೆ. ಆ ತುಂಡುಗಳೇ ಪೆಪ್ಟೈಡ್. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಅವನ್ನು ಇನ್ನೂ ಒಡೆದು ತೂಗುತ್ತದೆ. ಆ ತೂಕಗಳು ಜೀನೋಮಿನ ಯಾವ ಜಾಗಕ್ಕೆ ಹೊಂದುತ್ತವೆ ಎಂದು ಹುಡುಕುವುದು ಸಾಫ್ಟ್‌ವೇರಿನ ಪಾಲು.

1994ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಯೇಟ್ಸ್, ಜಿಮ್ಮಿ ಎಂಗ್ ಮತ್ತು ಜೊತೆಗಾರರು ಅಂಥ ಒಂದು ಸಾಫ್ಟ್‌ವೇರ್ 'ಸೀಕ್ವೆಸ್ಟ್' ತಂದರು. ಮರುವರ್ಷವೇ ಡಿಎನ್ಎ ಅಕ್ಷರಗಳಲ್ಲೂ ಹುಡುಕಿದರು. ಡಿಎನ್ಎಗೆ ಎರಡು ಎಳೆ, ಒಂದೊಂದನ್ನು ಓದುವ ಬಗೆ ಮೂರು, ಒಟ್ಟು ಆರು. 2004ರಲ್ಲಿ ಹಾರ್ವರ್ಡ್‌ನ ಜಾರ್ಜ್ ಚರ್ಚ್ ತಂಡ ಒಂದು ಪುಟ್ಟ ಬ್ಯಾಕ್ಟೀರಿಯಾದ ಜೀನೋಮಿನ ಮೇಲೆ ಪೆಪ್ಟೈಡ್‌ಗಳನ್ನು ಕೂರಿಸಿತು.

ಈಗ ನನ್ನ ಮೆಚ್ಚಿನ ಕತೆಗೆ ಬರೋಣ. 2014ರ ಮೇ ತಿಂಗಳು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಖಿಲೇಶ್ ಪಾಂಡೆ ಅವರ ತಂಡ, ನಮ್ಮ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಜೊತೆ ಸೇರಿ 'ನೇಚರ್' ಪತ್ರಿಕೆಯಲ್ಲಿ ಮಾನವ ಪ್ರೋಟೀನುಗಳ ಕರಡು ನಕ್ಷೆ ಪ್ರಕಟಿಸಿತು. 17,294 ಜೀನುಗಳಿಗೆ ಪುರಾವೆ! ಬಂಜರೆಂದು ಕೈಬಿಟ್ಟ ನೆಲದಲ್ಲಿ ಪೈರು ಕಂಡ ಹಾಗೆ, ಪ್ರೋಟೀನೇ ಹುಟ್ಟದೆಂದು ಬಿಟ್ಟಿದ್ದ ಜಾಗಗಳಿಂದ 193 ಹೊಸ ಪ್ರೋಟೀನು. ಅದೇ ಸಂಚಿಕೆಯಲ್ಲಿ ಮ್ಯೂನಿಕ್ ತಂಡದ ಇನ್ನೊಂದು ನಕ್ಷೆಯೂ ಬಂತು.

ಅಷ್ಟರಲ್ಲೇ ಮ್ಯಾಡ್ರಿಡ್‌ನ ಸಂಶೋಧಕರು ಒಂದು ತಕರಾರು ತೆಗೆದರು. ಎರಡೂ ನಕ್ಷೆಗಳಲ್ಲಿ ವಾಸನೆ ಹಿಡಿಯುವ ಗ್ರಾಹಕ ಪ್ರೋಟೀನುಗಳು ಧಾರಾಳವಾಗಿವೆ. ಆದರೆ ಎರಡು ತಂಡದವರೂ ಮೂಗಿನ ಅಂಗಾಂಶವನ್ನು ಪರೀಕ್ಷಿಸಿಯೇ ಇಲ್ಲ! ಆದರೂ ಅವು ಪಟ್ಟಿಗೆ ಬಂದದ್ದಕ್ಕೆ ಕಾರಣ ಇಷ್ಟೇ. ಸಾಫ್ಟ್‌ವೇರಿಗೆ ಮಸುಕು ಗುರುತು ಕೊಟ್ಟರೂ ಹತ್ತಿರದ ಒಂದು ಹೆಸರು ಹೇಳಿಬಿಡುತ್ತದೆ. ನಿಜವಾದ ಪ್ರೋಟೀನು ಪ್ರತಿ ಪ್ರಯೋಗದಲ್ಲೂ ಮತ್ತೆ ಮತ್ತೆ ಅದೇ ಬರುತ್ತದೆ, ತಪ್ಪು ಮಾತ್ರ ಪ್ರತಿಸಲ ಹೊಸದು. ಪ್ರಯೋಗ ಕೂಡಿಸುತ್ತಾ ಹೋದಂತೆ ತಪ್ಪೂ ಕೂಡುತ್ತದೆ. ತಲೆಕೆಳಗು ಮಾಡಿದ ಸುಳ್ಳು ಅನುಕ್ರಮಗಳನ್ನು ಹುಡುಕುವ ಪಟ್ಟಿಗೆ ಬೆರೆಸಿ ತಪ್ಪಿನ ಪ್ರಮಾಣ ಅಳೆಯುವ ಉಪಾಯ ಆಗಲೇ ಇತ್ತು; ಅದನ್ನು ಇನ್ನಷ್ಟು ಬಿಗಿಯಾಗಿ ಬಳಸಬೇಕಿತ್ತು ಅನ್ನುವುದು ನನ್ನ ಕೊರಗು.

ಬೆಂಗಳೂರಿನವರೂ ಸೇರಿದ್ದ ಆ ತಂಡ ದತ್ತಾಂಶವನ್ನೆಲ್ಲ ಬಚ್ಚಿಡದೆ ಲೋಕಕ್ಕೆ ಕೊಟ್ಟಿತ್ತು. ತಪ್ಪು ಹುಡುಕಲು ಅದರಿಂದಲೇ ದಾರಿಯಾಯಿತು, ಇದನ್ನು ಯಾರೂ ಹೇಳುವುದಿಲ್ಲ ನೋಡಿ. ಆಮೇಲೆ, ಮನುಷ್ಯನ ಪ್ರೋಟೀನುಗಳ ಲೆಕ್ಕ ಇಡುವ ಮಾನವ ಪ್ರೋಟಿಯೋಮ್ ಯೋಜನೆ ಕಟ್ಟಳೆ ಹಾಕಿತು: ಪ್ರೋಟೀನು ಇದೆ ಅನ್ನಬೇಕಾದರೆ ಬೇರೆಲ್ಲೂ ಹೊಂದದ ಎರಡು ಪೆಪ್ಟೈಡ್ ಬೇಕು, ಒಂದೊಂದೂ ಕನಿಷ್ಠ 9 ಅಮೈನೋ ಆಮ್ಲ ಉದ್ದ ಇರಬೇಕು. ವಾಸನೆ ಗ್ರಾಹಕಗಳಲ್ಲಿ ಬಹುಪಾಲು ಆ ಪರೀಕ್ಷೆಯಲ್ಲಿ ಇನ್ನೂ ಪಾಸಾಗಿಲ್ಲ.