ಕೆರೆ ಅಂಗಳದ ಬೇಸಿಗೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹ ರೂಪ)



"ಸಾಫ್ಟ್‌ವೇರ್ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಪ್ಪ" ಎಂದು ಮುಖ್ಯ ಶಿಕ್ಷಕರು ಫೋನಿನಲ್ಲಿ ಹೇಳಿದ್ದರು. ಬರೆದುಕೊಂಡೂ ಬಂದಿದ್ದೆ, ಚೀಟಿ ಜೇಬಿನಲ್ಲೇ ಇದೆ. ಆದರೆ ಬೆಳಿಗ್ಗೆ ಬಸ್ಸು ಕೆರೆ ಏರಿ ಮೇಲೆ ಬರುವಾಗ ಕಿಟಕಿಯಿಂದ ನೀರು ಕಂಡಿತು. ಆ ನೀರಿನ ಕೆಳಗೆ ಎಲ್ಲೋ ನಮ್ಮ ಪಿಚ್ ಇದೆ. ಅದನ್ನು ನೋಡಿದ ಮೇಲೆ ಬೇರೆ ಮಾತು ಹೊರಡುತ್ತಿಲ್ಲ. ಹಾಗಾಗಿ ನಮ್ಮ ಬೇಸಿಗೆ ರಜೆಯ ಬಗ್ಗೆ ಮಾತಾಡುತ್ತೇನೆ. ಮುಖ್ಯ ಶಿಕ್ಷಕರು ಕ್ಷಮಿಸಬೇಕು.

ಏಪ್ರಿಲ್ ಹತ್ತಕ್ಕೆ ರಿಸಲ್ಟ್ ಓದಿ ಶಾಲೆ ಬಿಟ್ಟರೆ ಮತ್ತೆ ಜೂನ್‌ಗೇ ಬಾಗಿಲು ತೆಗೆಯುತ್ತಿದ್ದುದು. ಬೆಂಗಳೂರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಈಗ ಬೇಸಿಗೆ ಶಿಬಿರ ಇದೆ, ದುಡ್ಡು ಕೊಟ್ಟು ಮಣ್ಣಿನಲ್ಲಿ ಆಡಿಸುತ್ತಾರೆ. ನಮಗೆ ಅದು ಬಿಟ್ಟಿ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕು ಸೇರಿದ ನಮ್ಮ ಶೈಕ್ಷಣಿಕ ಜಿಲ್ಲೆಯಲ್ಲಿ ಮಣ್ಣು, ಕಲ್ಲು, ಬಿಸಿಲಿಗೆ ಯಾವತ್ತೂ ಬರ ಬಂದಿಲ್ಲ.

ರಜೆಯೆಂದರೆ ಮೊದಲು ಕೆಲಸ. ಹುಣಸೆಹಣ್ಣಿನ ಕೆಲಸ ಶಿವರಾತ್ರಿ ಹೊತ್ತಿಗೆ ಶುರುವಾದರೆ ಏಪ್ರಿಲ್‌ವರೆಗೂ ಎಳೆಯುತ್ತಿತ್ತು. ಗಂಡಸರು ಮರ ಹತ್ತಿ ಗಳ ಹಿಡಿದು ಬಡಿಯುವುದು, ನಾವು ಕೆಳಗೆ ಆರಿಸುವುದು. ಅಂಗಳದಲ್ಲಿ ಹರಡಿ ಒಣಗಿಸಿ ಓಡು ಬಿಡಿಸಬೇಕು, ನಾರು ಎಳೆಯಬೇಕು, ಆಮೇಲೆ ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ತೆಗೆಯಬೇಕು. ಬೆರಳ ಸಂದಿಯಲ್ಲಿ ಗಾಯವಿದ್ದರೆ ಆ ಹುಳಿ ಇಳಿದು ಕಣ್ಣಲ್ಲಿ ನೀರು ಬರುತ್ತಿತ್ತು. ಸಿರಾ ಕಡೆ ನಮ್ಮ ಅಜ್ಜಿಯ ಊರಿನಿಂದ ಒಮ್ಮೆ ಕಗ್ಗಲಡುವಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಜನ ಹಕ್ಕಿ ನೋಡುತ್ತಿದ್ದರೆ ನಾನು ಆ ಮರದಲ್ಲಿ ಎಷ್ಟು ಮೂಟೆ ಹಣ್ಣು ಬೀಳಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಆ ಬುದ್ಧಿ ನನಗೆ ಈಗಲೂ ಪೂರ್ತಿ ಹೋಗಿಲ್ಲ.

ಮೇ ತಿಂಗಳಲ್ಲಿ ಬಿತ್ತನೆ ಬೀಜಕ್ಕೆ ಕಡ್ಲೆಕಾಯಿ ಸುಲಿಯುವುದು. ಮಳೆ ಬರುತ್ತದೋ ಇಲ್ಲವೋ, ಬೀಜ ಮಾತ್ರ ತಯಾರಿರಬೇಕು. ಕಾಯಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಂಡು, ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕೂತು ಸುಲಿಯುತ್ತಿದ್ದೆವು. ಸುಲಿಯುವವರು ಬಾಯಿಗೆ ಹಾಕಿಕೊಳ್ಳಬಾರದು ಎಂದು ಅಜ್ಜಿ ನಮ್ಮಿಂದ ಹಾಡು ಹೇಳಿಸುತ್ತಿದ್ದಳು. ಹಾಡು ನಿಂತರೆ ಗೊತ್ತಾಗಿಬಿಡುತ್ತಿತ್ತು. ನಾನು ಈಗ ಮಾಡುವ ಕೆಲಸದಲ್ಲಿ ಇದಕ್ಕೆ ಮಾನಿಟರಿಂಗ್ ಅನ್ನುತ್ತಾರೆ.

ಇದೆಲ್ಲ ಮುಗಿಸಿ ಬಿಸಿಲು ಇಳಿದ ಮೇಲೆ ಕೆರೆ ಅಂಗಳ. ನಮ್ಮ ಅಪ್ಪನ ಕಾಲದವರು ಬೇಸಿಗೆಯಲ್ಲಿ ಬಾವಿಗೆ ಧುಮುಕಿ ಈಜು ಕಲಿತವರು, ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು. ನಾವು ಬೆಳೆಯುವ ಹೊತ್ತಿಗೆ ಬಾವಿಗಳಲ್ಲಿ ಪಾರಿವಾಳ ಸೇರಿದ್ದವು. ನಮ್ಮ ಬ್ಯಾಚಿನಲ್ಲಿ ಈಜು ಬರುವವರು ಯಾರೂ ಇರಲಿಲ್ಲ, ಕ್ರಿಕೆಟ್ ಬಾರದವರೂ ಇರಲಿಲ್ಲ. ತೆಂಗಿನ ಮಟ್ಟೆ ಕೆತ್ತಿದರೆ ಬ್ಯಾಟು, ಜಾಲಿ ಕಡ್ಡಿ ಮೂರು ನೆಟ್ಟರೆ ವಿಕೆಟ್ಟು, ಬಟ್ಟೆ ಉಂಡೆಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರೆ ಚೆಂಡು. ಕೆರೆಯ ಮಣ್ಣು ಒಣಗಿ ಬಿರುಕು ಬಿಟ್ಟರೆ ಚೆಂಡು ಎತ್ತ ತಿರುಗುತ್ತದೆ ಎಂದು ಬೌಲರ್‌ಗೂ ಗೊತ್ತಿರುತ್ತಿರಲಿಲ್ಲ. ಕುಂಬ್ಳೆಗೂ ಅಂಥ ಪಿಚ್ ಸಿಕ್ಕಿರಲಾರದು.

ನಮಗೆ ದೊಡ್ಡ ಶತ್ರು ಗೋಡು ಹೊಡೆಯುವ ಗಾಡಿಗಳು. ಕೆರೆ ಒಣಗಿದ ಕೂಡಲೇ ರೈತರು ಗೋಡು ಅಗೆದು ಹೊಲಕ್ಕೆ ಹಾಕುತ್ತಿದ್ದರು. ಅದು ಭೂಮಿಗೂ ಒಳ್ಳೆಯದು, ಕೆರೆಯ ಹೂಳೂ ಹೋಗುತ್ತದೆ. ಆದರೆ ನಮ್ಮ ಮಿಡ್‌ವಿಕೆಟ್‌ನಲ್ಲಿ ಮಂಡಿಯುದ್ದ ಗುಂಡಿ! "ದೊಡ್ಡಪ್ಪಾ, ತೂಬಿನ ಕಡೆ ಅಗಿಯಪ್ಪಾ" ಎಂದು ಗಾಡಿಗೆ ಮಣ್ಣು ತುಂಬಿಕೊಟ್ಟು ಕಾಡಿಬೇಡುತ್ತಿದ್ದೆವು. ಒಬ್ಬರು ಮಾತ್ರ ಒಂದು ಸಲ ಗುದ್ದಲಿ ನಿಲ್ಲಿಸಿ ನಮ್ಮನ್ನೇ ನೋಡಿದರು. "ಕೆರೆ ತುಂಬ್ಲಿ ಅಂತ ನಾವು ದೇವ್ರಿಗೆ ಕೈ ಮುಗೀತೀವಿ, ತುಂಬ್ದೇ ಇರ್ಲಿ ಅಂತ ನೀವು ಮುಗೀತೀರೇನ್ರೋ?" ಎಂದರು. ನಾವು ನಕ್ಕೆವು. ನಿಜ ಹೇಳಬೇಕೆಂದರೆ ನಾನು ಹಾಗೆ ಮುಗಿದಿದ್ದೆ.

ಕ್ರಿಕೆಟ್ ಹುಚ್ಚಿಗೂ ಕರೆಂಟಿಗೂ ಆಗಿಬರುತ್ತಿರಲಿಲ್ಲ. 1998ರ ಏಪ್ರಿಲ್ 24ರಂದು, ತನ್ನ ಹುಟ್ಟುಹಬ್ಬದ ದಿನವೇ, ಸಚಿನ್ ಶಾರ್ಜಾದ ಫೈನಲ್ಲಿನಲ್ಲಿ ಆಸ್ಟ್ರೇಲಿಯಾ ಮೇಲೆ 134 ಹೊಡೆದ ರಾತ್ರಿ ನಮ್ಮೂರು ಕತ್ತಲೆಯಲ್ಲಿತ್ತು. ಮಾರನೇ ದಿನ ಮೊದಲ ಬಸ್ಸಿನ ಕಂಡಕ್ಟರ್ ಹೇಳಿದ್ದಕ್ಕೆ ನಮಗೆ ಗೆದ್ದದ್ದು ಗೊತ್ತಾಯಿತು. 2003ರ ಮಾರ್ಚ್ 23ರ ವಿಶ್ವಕಪ್ ಫೈನಲ್‌ಗೆ ನಾವು ಹುಷಾರಾದೆವು. ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿ ತಂದು ಕಪ್ಪು ಬಿಳುಪು ಟಿವಿಗೆ ಕೊಟ್ಟೆವು. ನನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಗಿತ್ತು. ಆಸ್ಟ್ರೇಲಿಯಾ ಎರಡೇ ವಿಕೆಟ್ಟಿಗೆ 359 ಹೊಡೆಯಿತು, ಸಚಿನ್ ಮೊದಲ ಓವರಿನಲ್ಲೇ ಔಟು. ಬ್ಯಾಟರಿ ಪೂರ್ತಿ ಇತ್ತು, ನೋಡುವವರು ಎದ್ದುಹೋದರು. ಆ ದಿನ ಟಿವಿ ಮುಂದೆ ಒಬ್ಬ ಇರಲಿಲ್ಲ. ನಮ್ಮ ಓಪನಿಂಗ್ ಬೌಲರ್.

ಅವನು ಇವತ್ತು ಇಲ್ಲೇ ಹಿಂದೆ ನಿಂತಿದ್ದಾನೆ. ಹೆಸರು ಹೇಳಕೂಡದು ಎಂದು ಬೆಳಿಗ್ಗೆಯೇ ತಾಕೀತು ಮಾಡಿದ್ದಾನೆ, ಹೇಳುವುದಿಲ್ಲ.

2001ರ ಬೇಸಿಗೆಯಲ್ಲಿ ಹನ್ನೊಂದು ಹುಡುಗರು ಸೇರಿ ಒಂದು ನಿಜವಾದ ಬ್ಯಾಟು ತರಬೇಕೆಂದು ಕೂಲಿಗೆ ಹುಣಸೆ ಬೀಜ ತೆಗೆದೆವು. ಕೆ.ಜಿ.ಗೆ ಒಂದು ರೂಪಾಯಿ. ಅವನ ಕೈ ಚುರುಕು, ನಾನು ಎರಡು ಕೆ.ಜಿ. ಮಾಡುವಷ್ಟರಲ್ಲಿ ಅವನು ಐದು ಮಾಡುತ್ತಿದ್ದ. ದುಡ್ಡು ಕೂಡಿಸಿ ಮಧುಗಿರಿಗೆ ಹೋಗಿ ಬ್ಯಾಟು ತಂದೆವು. ಬಸ್ಸಿನಲ್ಲಿ ಅದನ್ನು ತೊಡೆ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡಿದ್ದವನೂ ಅವನೇ. ಅಲ್ಲಿಂದ ಸತತ ಮೂರು ವರ್ಷ ರಾಜ್ಯಕ್ಕೆ ಬರ ಬಂತು. ನಮ್ಮ ಕೆರೆ ಅಂಗಳ ಅಷ್ಟು ಚೆನ್ನಾಗಿ ಯಾವತ್ತೂ ಒಣಗಿರಲಿಲ್ಲ, ನಾವು ಅಷ್ಟು ಚೆನ್ನಾಗಿ ಯಾವತ್ತೂ ಆಡಿರಲಿಲ್ಲ. ಅದೇ ಹೊತ್ತಿಗೆ ಅವರಪ್ಪ ಒಂದಾದ ಮೇಲೊಂದು ಮೂರು ಬೋರು ಕೊರೆಸಿದರು. ಮೂರರಲ್ಲೂ ಬಂದಿದ್ದು ಬಿಳಿ ಧೂಳು.

2002ರ ಜೂನ್‌ನಲ್ಲಿ ನಾವೆಲ್ಲ ಹತ್ತನೇ ತರಗತಿಗೆ ಬಂದು ಕೂತೆವು, ಅವನ ಜಾಗ ಖಾಲಿ. ಬೆಂಗಳೂರಿನಲ್ಲಿ ಬೇಕರಿ ಕೆಲಸಕ್ಕೆ ಸೇರಿದ್ದ. ನಮ್ಮ ಗಣಿತದ ಮೇಷ್ಟ್ರು ಸೈಕಲ್ ಹತ್ತಿ ಅವರ ಮನೆಗೆ ಎರಡು ಸಲ ಹೋಗಿ ಬಂದರು. ಎರಡನೇ ಸಲ ನಾನೂ ಜೊತೆಗಿದ್ದೆ. ಅವರಮ್ಮ ಮೇಷ್ಟ್ರಿಗೆ ಕಾಫಿ ಕೊಟ್ಟು, ಒಳಗಿನಿಂದ ಬ್ಯಾಟು ತಂದು ನನ್ನ ಕೈಗಿಟ್ಟರು. "ತಗಳಪ್ಪ, ನೀವಾದ್ರೂ ಆಡ್ಕಳಿ" ಅಂದರು. ಬರುವ ದಾರಿಯಲ್ಲಿ ಮೇಷ್ಟ್ರು ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡೇ ಬಂದರು. ಕೆರೆ ತುಂಬದಿರಲಿ ಎಂದು ನಾನು ಕೈ ಮುಗಿದದ್ದು ನೆನಪಾಯಿತು. ಯಾರಿಗೂ ಹೇಳಲಿಲ್ಲ. ಇವತ್ತೇ ಹೇಳುತ್ತಿರುವುದು.

ಇನ್ನೊಂದು ಮಾತೂ ಇದೆ. ಮೇಲೆ "ನಾವು" "ನಾವು" ಎಂದು ಇಷ್ಟು ಹೊತ್ತು ಹೇಳಿದೆನಲ್ಲ, ಅದರಲ್ಲಿ ಹೆಣ್ಣುಮಕ್ಕಳಿಲ್ಲ. ಹುಣಸೆ ಕುಟ್ಟುವಾಗ ಇದ್ದರು, ಕಡ್ಲೆಕಾಯಿ ಸುಲಿಯುವಾಗ ಇದ್ದರು, ಕೆರೆ ಅಂಗಳದಲ್ಲಿ ಇರಲಿಲ್ಲ. ನಮ್ಮಕ್ಕ ಇದೇ ಶಾಲೆಯಲ್ಲಿ ನನಗಿಂತ ಎರಡು ವರ್ಷ ಮುಂದೆ ಓದಿದವಳು. ಬೇಸಿಗೆಯಲ್ಲಿ ತ್ರೀ ಫೇಸ್ ಕರೆಂಟು ರಾತ್ರಿ ಎರಡಕ್ಕೋ ಮೂರಕ್ಕೋ ಬರುತ್ತಿತ್ತು. ಆಗ ಅವಳು ಅಮ್ಮನ ಜೊತೆ ಎದ್ದು ತೋಟದ ಬೋರಿನ ಹತ್ತಿರ ಕೊಡ ಹಿಡಿದು ನಿಲ್ಲಬೇಕು. ಆ ನೀರಾದರೂ ಎಂಥದು? ಹಲ್ಲು ಕಂದಿಸುವ ಫ್ಲೋರೈಡ್ ನೀರು. ನಾನು ಸಂಜೆ ಧೂಳು ತುಂಬಿಕೊಂಡು ಬಂದು ಎರಡು ಚೊಂಬು ಜಾಸ್ತಿ ಸುರಿದುಕೊಂಡರೆ ಅವಳಿಗೆ ಒಂದು ಕೊಡ ಜಾಸ್ತಿ. ಅಕ್ಕನಿಗೆ ಬೇಸಿಗೆ ರಜೆ ಅಂತ ಒಂದು ಇತ್ತೇ ಎಂದು ನಾನು ಕೇಳಿದ್ದು ಹೋದ ವರ್ಷ. "ಶಾಲೆಗೆ ಹೋಗೋದೇ ನನ್ಗೆ ರಜ ಇದ್ದಂಗಿತ್ತು ಕಣೋ" ಎಂದಳು.

ಅಕ್ಕನ ಮಗ ಈಗ ಪಿಯುಸಿ. ಆರ್‌ಸಿಬಿ ಅಂದರೆ ಜೀವ. 2008ರಲ್ಲಿ ಐಪಿಎಲ್‌ನ ಮೊಟ್ಟಮೊದಲ ಪಂದ್ಯದಲ್ಲೇ 140 ರನ್ನಿನಿಂದ ಸೋತ ತಂಡ ನಮ್ಮದು, ಅವನಾಗ ಹುಟ್ಟಿದ್ದನೋ ಇಲ್ಲವೋ. ಆದರೆ ಎಲ್ಲ ಆಟಗಾರರ ಸ್ಟ್ರೈಕ್ ರೇಟ್ ಅವನ ಬಾಯಲ್ಲಿದೆ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರು ರನ್ನಿನಿಂದ ಗೆದ್ದು ಹದಿನೆಂಟನೇ ವರ್ಷಕ್ಕೆ ಕಪ್ ಬಂದಾಗ ನನಗೆ ಫೋನ್ ಮಾಡಿ ಅತ್ತ. "ಮಾಮ, ನಾಳೆ ಬೆಂಗ್ಳೂರಿಗೆ ಬರ್ತೀನಿ" ಅಂದ. ನಾನೂ ಖುಷಿಯಲ್ಲಿದ್ದೆ, "ಬಾರೋ" ಅಂದೆ. ಮಾರನೇ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಇವನ ಫೋನು ಎರಡು ಗಂಟೆ ಸಿಗಲಿಲ್ಲ. ಆ ಎರಡು ಗಂಟೆಯಲ್ಲಿ ಅಕ್ಕ ನನಗೆ ಎಷ್ಟು ಸಲ ಫೋನ್ ಮಾಡಿದಳು, ನಾನು ಏನೇನು ಸುಳ್ಳು ಹೇಳಿದೆ, ಲೆಕ್ಕವಿಲ್ಲ. ರಾತ್ರಿ ಒಂದು ಕಾಲಿಗೆ ಚಪ್ಪಲಿ ಇಲ್ಲದೆ ನನ್ನ ಬಾಗಿಲಲ್ಲಿ ನಿಂತಿದ್ದ.

ಅವನಿಗೆ ಊಟ ಹಾಕಿ ಕೇಳಿದೆ, "ಊರಲ್ಲಿ ಆಡ್ತೀಯೇನೋ?" "ಎಲ್ಲಿ ಮಾಮ ಆಡೋದು?" ಎಂದ. ಅದು ನಿಜವೇ. 2022ರ ಮಳೆಗೆ ನಮ್ಮ ಕಡೆ ಎಷ್ಟೋ ಕೆರೆಗಳು ಕೋಡಿ ಬಿದ್ದವು, ನಮ್ಮದೂ ಬಿತ್ತು. ಕೋಡಿ ನೋಡಲು ಬಂದ ಮುದುಕರು ಕಣ್ಣೊರೆಸಿಕೊಂಡಿದ್ದನ್ನು ನಾನೇ ನೋಡಿದ್ದೇನೆ. ಕೆರೆ ತುಂಬಿರಲಿ, ಹಾಗೇ ಇರಲಿ. ಆದರೆ ಕೆರೆ ಬಿಟ್ಟರೆ ಮಕ್ಕಳಿಗೆ ಉಳಿದ ಬಯಲು ಈ ಶಾಲೆಯ ಹಿಂದಿನದೊಂದೇ, ಅದರ ತುಂಬ ಸೀಮೆಜಾಲಿ. ನಮ್ಮ ಕಾಲದಲ್ಲಿ ಕೆರೆ ಇತ್ತಲ್ಲ ಎಂದು ನಾವು ಯಾರೂ ಇತ್ತ ತಿರುಗಿ ನೋಡಿರಲಿಲ್ಲ.

ದೀಪಾವಳಿ ರಜೆಯಲ್ಲಿ ನಮ್ಮ ಬ್ಯಾಚಿನವರು ಸೇರಿ ಅದನ್ನು ತೆಗೆಸಲು ಹೊರಟೆವು. ಕತ್ತಿಯಿಂದ ಕಡಿದರೆ ಸೀಮೆಜಾಲಿ ಮತ್ತೆ ಚಿಗುರುತ್ತದೆ, ಬುಡ ಕೀಳಬೇಕು. ಜೆಸಿಬಿ ಬೇಕಿತ್ತು. ಜೆಸಿಬಿ ಯಾರದು ಗೊತ್ತೇ? ನಮ್ಮ ಓಪನಿಂಗ್ ಬೌಲರಿನದು. ಬೇಕರಿ ಬಿಟ್ಟು, ಪಾವಗಡದ ತಿರುಮಣಿ ಕಡೆ ಸೋಲಾರ್ ಪಾರ್ಕ್ ಕೆಲಸ ಶುರುವಾದಾಗ ಬಂದು ಅಲ್ಲಿ ಮಿಷನ್ ಓಡಿಸುವುದು ಕಲಿತ. ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವಾಟ್, ನಮ್ಮ ಮೈ ಸುಟ್ಟ ಅದೇ ಬಿಸಿಲಿನಿಂದ. ಟ್ರ್ಯಾಕ್ಟರ್ ಬ್ಯಾಟರಿ ಹೊತ್ತು ತಂದ ನಮಗೆ ಇದನ್ನು ನಂಬಲು ಈಗಲೂ ಸ್ವಲ್ಪ ಕಷ್ಟ. ಅಲ್ಲಿ ದುಡಿದು ಒಂದು ಹಳೇ ಮಿಷನ್ ಕೊಂಡ.

ಹಳೆಯ ಸ್ನೇಹ, ಬಿಟ್ಟಿ ಮಾಡಿಕೊಡುತ್ತಾನೆ ಎಂದು ನಾವು ಅಂದುಕೊಂಡಿದ್ದೆವು. ಗಂಟೆ ಲೆಕ್ಕದಲ್ಲಿ ಪೂರ್ತಿ ತೆಗೆದುಕೊಂಡ. "ನೀನು ಕಂಪ್ನಿಗೆ ಸಂಬ್ಳ ಬಿಡ್ತೀಯೇನೋ?" ಎಂದು ಕೇಳಿದ. ಸರಿಯಾದ ಮಾತು. ಆದರೆ ಕೆಲಸ ಮುಗಿದ ಮೇಲೆ ಇಳಿದು, ಬಯಲಿನ ನಡುವೆ ಇಪ್ಪತ್ತೆರಡು ಹೆಜ್ಜೆ ಅಳೆದು ಎರಡು ಕಲ್ಲಿಟ್ಟ. ಅವನ ಮಗಳು ಈ ಶಾಲೆಯಲ್ಲಿ ಒಂಬತ್ತನೇ ತರಗತಿ. ಅಪ್ಪನ ಹಾಗೇ ಉದ್ದ ಕೈ. ಒಂದು ಕಲ್ಲಿನ ಹತ್ತಿರ ನಿಂತು, "ಅಂಕಲ್, ಇದು ಹುಡುಗ್ರಿಗೆ ಮಾತ್ರನಾ?" ಎಂದು ನನ್ನನ್ನು ಕೇಳಿದಳು. ನಾನು ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ಹುಡುಗೀರ್ದು ಮೊದ್ಲು ಆಗ್ಲಿ, ಆಮೇಲೆ ಹುಡುಗ್ರು ಆಡ್ಕಳ್ಳಿ" ಎಂದು ಅಕ್ಕ ತೀರ್ಪು ಕೊಟ್ಟಳು. ದೈಹಿಕ ಶಿಕ್ಷಣ ಶಿಕ್ಷಕರಿಗೆ ತಿಳಿಸಿದ್ದೇನೆ, ಅವರು ಒಪ್ಪಿದ್ದಾರೆ. ಸಂಜೆ ಐದೂವರೆವರೆಗೆ ಹೆಣ್ಣುಮಕ್ಕಳು, ಆಮೇಲೆ ಗಂಡುಮಕ್ಕಳು.

ಆ ಹಳೆಯ ಬ್ಯಾಟು ನಮ್ಮ ಮನೆಯ ಅಟ್ಟದ ಮೇಲಿತ್ತು. ಹಿಡಿ ಗೆದ್ದಲು ತಿಂದಿದೆ, ಆಡಲು ಬರುವುದಿಲ್ಲ. ಹಿಡಿ ಬದಲಾಯಿಸಿದರೆ ಆಗುತ್ತದೆಯೋ ನೋಡೋಣ ಎಂದು ಅವನು ಬೆಳಿಗ್ಗೆ ತೆಗೆದುಕೊಂಡು ಹೋದ.

ಇನ್ನು ಉಳಿದಿರುವುದು ಕಲ್ಲು ಆರಿಸುವ ಕೆಲಸ. ಅದಕ್ಕೆ ಮಿಷನ್ ಆಗುವುದಿಲ್ಲ, ಕೈಯೇ ಬೇಕು. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಶಾಲೆಯ ಹಿಂದೆ ಸೇರುತ್ತೇವೆ. ಮನೆಯಲ್ಲಿ ಬಾಂಡ್ಲಿ ಇದ್ದವರು ತನ್ನಿ, ಇರುವುದು ನಾಲ್ಕೇ. ಜಾಲಿ ಮುಳ್ಳು ಇನ್ನೂ ಬಿದ್ದಿದೆ, ಮಕ್ಕಳು ಬರಿಗಾಲಲ್ಲಿ ಬರಬೇಡಿ. ತಿಂಡಿಗೆ ಚಿತ್ರಾನ್ನ ಮಾಡಿಸಿದ್ದೇವೆ.